ಬ್ಲೀಚಿಂಗ್ ನೀರಿಗೆ ಬಿದ್ದ ಸಮುರಾಯಿ

ನನ್ನ ಸಮುರಾಯಿ ಸಿನಿಮಾಗಳೆಲ್ಲ ಇರುವುದು ನಮ್ಮ ಹುಳದ ಮನೆಯಲ್ಲಿ. ಶಿಡ್ಲಘಟ್ಟದ ಸುತ್ತಮುತ್ತಲಿನವರಿಗೆ ಹುಳದ ಮನೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ರೇಷ್ಮೆ ಹುಳು ಸಾಕುವುದಕ್ಕೆಂದೇ ವಾಸದ ಮನೆಯಿಂದ ತುಸು ದೂರ ಕಟ್ಟಿದ ಉದ್ದನೆಯ ಕೋಣೆ ಅದು. ಇಲಿ ನುಗ್ಗದಂತೆ, ಇರುವೆ ಹತ್ತದಂತೆ, ನೊಣ ಸುಳಿಯದಂತೆ ಕಿಟಕಿಗೆಲ್ಲ ಬಲೆ ಹೊಡೆದು ಭದ್ರ ಮಾಡಿರುತ್ತಾರೆ. ನಾವು ಮನುಷ್ಯರು ಮಲಗುವ ಕೋಣೆಗಿಂತ ಅದು ತಂಪು, ಅದಕ್ಕಿಂತ ಚೊಕ್ಕಟ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಡಿಸ್ಕಿನ ಡಬ್ಬಿಗಳನ್ನು ಇಲಿ ಕಡಿದು ಹಾಕಿದಾಗ ನಾನು ಅತ್ತದ್ದನ್ನು ನೋಡಿ, ಅತ್ತೆಯೇ ಹುಳದ ಮನೆಯ ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು ಬಿಡಿಸಿಕೊಟ್ಟರು. ಆ ಕೋಣೆಯಲ್ಲಿ ಒಂದು ಮೊಳ ಜಾಗ ಬಿಟ್ಟುಕೊಡುವುದೆಂದರೆ ಅವರ ಮಟ್ಟಿಗೆ ಸಣ್ಣ ಮಾತಲ್ಲ.

ನಾನು ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ ಬಿ.ಎಡ್. ಓದುವಾಗ. ಹಾಸ್ಟೆಲ್ಲಿನ ಗೆಳತಿಯೊಬ್ಬಳು ಬಿಟ್ಟಿ ಕಾಫಿ ಕೊಡುತ್ತಾರೆಂದು ಆಸೆ ತೋರಿಸಿ ಒಂದು ಕಪ್ಪು ಬಿಳುಪು ಜಪಾನೀ ಚಿತ್ರಕ್ಕೆ ಎಳೆದುಕೊಂಡು ಹೋಗಿದ್ದಳು. ಕಾಫಿ ಕೊಡಲಿಲ್ಲ. ಚಿತ್ರ ಮುಗಿದಾಗ ನನಗೆ ಕಾಫಿಯ ನೆನಪೂ ಇರಲಿಲ್ಲ. ಮೂರು ಹೊತ್ತು ಗಂಜಿಗೂ ಗತಿಯಿಲ್ಲದ ಒಬ್ಬ ಕತ್ತಿಯವನು, ಮಾತು ಕೊಟ್ಟೆನಲ್ಲ ಎಂಬ ಒಂದೇ ಕಾರಣಕ್ಕೆ, ಗೆಲ್ಲಲಾಗದ ಜಗಳಕ್ಕೆ ಎದ್ದು ಹೋಗುತ್ತಾನೆ. ಇದರಲ್ಲಿ ಏನಿತ್ತೋ, ಇವತ್ತಿಗೂ ಸರಿಯಾಗಿ ಹೇಳಲಾರೆ.

ಹೆಸರುವಾಸಿ ಚಿತ್ರಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಅವುಗಳನ್ನು ಹೊಗಳುವುದಕ್ಕೆ ಪ್ರಪಂಚದಲ್ಲಿ ಬೇಕಾದಷ್ಟು ಜನರಿದ್ದಾರೆ. ನನಗೆ ಬೇಕಾದದ್ದು ಯಾರೂ ಕೇಳದ ಚಿತ್ರಗಳು. ಸಣ್ಣ ಕಂಪನಿಯವರು ಕೈಯಲ್ಲಿ ಕಾಸಿಲ್ಲದೆ ಅವಸರದಲ್ಲಿ ತೆಗೆದು, ಓಡದೆ ಮೂಲೆಗೆ ಸೇರಿದಂಥವು. ಅವುಗಳಲ್ಲಿ ಅದೇ ಕಾಡು, ಅದೇ ಮರದ ಸೇತುವೆ, ಅದೇ ಗುಡಿಯ ಮೆಟ್ಟಿಲು ಮತ್ತೆ ಮತ್ತೆ ಬರುತ್ತವೆ. ಒಬ್ಬ ಸಣಕಲ ನಟನಂತೂ ನನ್ನಲ್ಲಿರುವ ಎಷ್ಟೋ ಚಿತ್ರಗಳಲ್ಲಿ ಶುರುವಿನಲ್ಲೇ ಕತ್ತಿಗೆ ಸಿಕ್ಕಿ ಸಾಯುತ್ತಾನೆ. ಸಾಯುವುದರಲ್ಲಿ ಅವನದು ಪಳಗಿದ ಕೈ. ಅವನ ಹೆಸರು ಎಲ್ಲೂ ಬರುವುದಿಲ್ಲ. ಅವನು ತೆರೆಯ ಮೇಲೆ ಕಾಣಿಸಿದ ಕೂಡಲೇ ನನಗೆ ನೆಂಟರು ಮನೆಗೆ ಬಂದಷ್ಟು ಖುಷಿ.

ಇಂಥವು ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಭಾನುವಾರದ ಫುಟ್‌ಪಾತಿನಲ್ಲಿ ಗುಜರಿಯ ನಡುವೆ ಕೂತು ಹುಡುಕಿದ್ದೇನೆ. ಮುಖ ನೋಡದ, ಬರೀ ಈಮೇಲಿನಲ್ಲಿ ಪರಿಚಯವಾದ ಪರದೇಶದವರು ಪಾರ್ಸೆಲ್ ಕಳಿಸಿದ್ದಾರೆ. ಸಿ.ಡಿ. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ ಚಿಂತಾಮಣಿಗೆ ಹೋಗಿ ಗೋಣಿಚೀಲಗಳಿಗೆ ಕೈ ಹಾಕಿ ತಡಕಿದ್ದೇನೆ. ಹಾಗೆ ತಂದ ಡಿಸ್ಕುಗಳ ಮೇಲೆ ಮಣ್ಣು, ಎಣ್ಣೆ, ಕೆಲವು ಸಲ ಟೀ ಕಲೆ. ಅವನ್ನು ಹಿತ್ತಲ ನಲ್ಲಿಯ ಕೆಳಗೆ ಸೋಪಿನ ನೀರಿನಲ್ಲಿ ತೊಳೆದು, ಟವೆಲ್ ಮೇಲೆ ಸಾಲಾಗಿ ಒಣಹಾಕುತ್ತೇನೆ. ಡಿಸ್ಕಿಗೆ ನೀರಿನಿಂದ ಏನೂ ಆಗುವುದಿಲ್ಲ. ಅತ್ತೆ ಇದನ್ನು ಎಷ್ಟೋ ವರ್ಷಗಳಿಂದ ನೋಡಿಕೊಂಡು ಬಂದವರು.

ಅತ್ತೆ ಬರೀ ತೊಳೆಯುವುದನ್ನಲ್ಲ, ಸಿನಿಮಾಗಳನ್ನೂ ನೋಡಿಕೊಂಡು ಬಂದವರು. ಒಂದು ಬೆಳೆ ಮುಗಿದು ಇನ್ನೊಂದು ಬೆಳೆ ಶುರುವಾಗುವ ಮಧ್ಯೆ ಹುಳದ ಮನೆ ಖಾಲಿ ಇರುತ್ತದಲ್ಲ, ಆಗ ಅಲ್ಲೇ ಹಳೆಯ ಟಿ.ವಿ. ಇಟ್ಟುಕೊಂಡು ನಾನು ಭಾನುವಾರ ಮಧ್ಯಾಹ್ನ ನೋಡುತ್ತಿದ್ದೆ. ಮೊದಮೊದಲು ಅವರು ಅವರೆಕಾಯಿ ಬಿಡಿಸುವ ನೆವದಲ್ಲಿ ಬಾಗಿಲ ಬಳಿ ಕೂರುತ್ತಿದ್ದರು. ಆಮೇಲೆ ಅವರೆಕಾಯಿ ಇಲ್ಲದೆಯೂ ಬಂದು ಕೂತರು. ನಾನು ಕೆಳಗೆ ಬರುವ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವುದು, ಅವರು ತೆರೆಯ ಮೇಲಿನವರಿಗೆ ತಮ್ಮ ತವರಿನ ತೆಲುಗಿನಲ್ಲಿ ಬುದ್ಧಿ ಹೇಳುವುದು, ಹೀಗೆ ನಮ್ಮ ಪ್ರದರ್ಶನ.

“ಅಲ್ಲ ಕಣೇ ಅಮ್ಮಯ್ಯ, ಇವ್ನಿಗೆ ಬೇರೆ ಬಟ್ಟೆ ಇಲ್ವಾ? ಹೋದ್ ವಾರಾನೂ ಇದನ್ನೇ ಹಾಕ್ಕೊಂಡಿದ್ದ.”

“ಹೋದ ವಾರದವನು ಬೇರೆ ಅತ್ತಮ್ಮ.”

“ಬೇರೆ ಆದ್ರೇನು, ಬಟ್ಟೆ ಅದೇನೇ.”

ಅವರು ಹೇಳಿದ್ದು ನಿಜವಿರಬಹುದು. ಬಡ ಕಂಪನಿಗಳು.

ಚಿಂತಾಮಣಿಯ ಸಿ.ಡಿ. ಅಂಗಡಿಯವನೊಬ್ಬ ನನಗೆ ಒಬ್ಬ ಹಿರಿಯರನ್ನು ಗಂಟು ಹಾಕಿದ. “ನಿಮ್ ತರದ್ ಹುಚ್ಚರು ಇನ್ನೊಬ್ರು ಇದಾರೆ ಮೇಡಂ, ಗೌರಿಬಿದನೂರ್ ಕಡೆಯೋರು,” ಎಂದು ನಂಬರು ಕೊಟ್ಟ. ಫೋನು ಮಾಡಿದೆ. ಅವರು ರೇಷ್ಮೆ ಇಲಾಖೆಯ ಕೆಲಸದಲ್ಲಿದ್ದಾಗ ಜೀಪು ಓಡಿಸುತ್ತಿದ್ದವರು. ನಮ್ಮ ಸೀಮೆಗೆ ರೇಷ್ಮೆಯ ಕೆಲಸದ ಮೇಲೆ ಬಂದಿದ್ದ ಒಬ್ಬ ಜಪಾನೀಯನನ್ನು ಊರೂರು ಸುತ್ತಿಸಿದ್ದರಂತೆ. ಭಾನುವಾರವಾದರೆ ಆತ ಇವರನ್ನು ಕೂರಿಸಿಕೊಂಡು ತನ್ನ ದೇಶದ ಸಿನಿಮಾ ಹಾಕುತ್ತಿದ್ದ. ಊರಿಗೆ ವಾಪಸು ಹೋಗುವಾಗ ಇವರು ಬಹಳ ಮೆಚ್ಚಿಕೊಂಡಿದ್ದ ಒಂದು ಚಿತ್ರದ ವಿಡಿಯೋ ಕ್ಯಾಸೆಟ್ಟನ್ನು ಕೈಗಿಟ್ಟು ಹೋದ. ಕ್ಯಾಸೆಟ್ ಹಾಕುವ ಯಂತ್ರ ಇವರ ಹತ್ತಿರ ಇರಲಿಲ್ಲ. ಯಾರದೋ ಮನೆಯಲ್ಲಿ, ಯಾರದೋ ಮದುವೆಯ ಕ್ಯಾಸೆಟ್ ನೋಡಿ ಮುಗಿದ ಮೇಲೆ, ಕೇಳಿಕೊಂಡು ಹಾಕಿಸಿ ನೋಡುತ್ತಿದ್ದರು. ಆಮೇಲೆ ಆ ಯಂತ್ರಗಳೂ ಊರಿನಿಂದ ಮಾಯವಾದವು.

ನನ್ನ ಹತ್ತಿರ ಓಡುವ ಯಂತ್ರ ಇದೆ ಎಂದು ತಿಳಿದಾಗ ಅವರ ದನಿಯೇ ಬದಲಾಯಿತು. ಮುಂದಿನ ರಜೆಯಲ್ಲಿ ಹೋಗಿ ಕಂಡೆ. ಮಗ ಸೊಸೆಯ ಜೊತೆ ಇದ್ದಾರೆ, ತುಂಬಿದ ಮನೆ. ನಮ್ಮಂತೆ ರೇಷ್ಮೆ ಮಾಡುವವರು. ಕ್ಯಾಸೆಟ್ಟನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕೈಗೆ ಕೊಡುವ ಮುಂಚೆ ಹೇಳಿದರು:

“ಅಮ್ಮಾ, ನನ್ ಕಣ್ಣಲ್ಲಿ ಒತ್ತಡದ ಕಾಯಿಲೆ. ಹೋಗಿರೋ ದೃಷ್ಟಿ ಬರಲ್ಲ, ಇರೋದೂ ನಿಲ್ಲಲ್ಲ ಅಂದಿದಾರೆ ಡಾಕ್ಟ್ರು. ಈಗ ದೊಡ್ಡದಾಗಿ ಹಾಕಿದ್ರೆ ಹತ್ರ ಕೂತು ಒಂದಿಷ್ಟು ಕಾಣ್ತದೆ. ಕೊನೇಲಿ ಅಂಗಳದಲ್ಲಿ ಇಬ್ರೂ ಎದುರುಬದುರು ನಿಂತ್ಕೋತಾರೆ, ಒಂದೇ ಒಂದ್ ಏಟು. ಅದನ್ನೊಂದ್ ಸಲ ನೋಡ್ಬಿಟ್ರೆ ಸಾಕು ನಂಗೆ.”

ಅವರಿಗೆ ಮಾತು ಕೊಟ್ಟು ಬಂದೆ. ಕಂಪ್ಯೂಟರಿಗೆ ಇಳಿಸಿ, ಗೋಡೆಯಷ್ಟಗಲ ಕಾಣುವಂತೆ ಮಾಡಿ, ಅವರ ಮನೆಗೇ ಪ್ರೊಜೆಕ್ಟರ್ ಹೊತ್ತುಕೊಂಡು ಬರುತ್ತೇನೆ ಎಂದೆ. ಶಾಲೆಯ ಪ್ರೊಜೆಕ್ಟರನ್ನು ಒಂದು ದಿನಕ್ಕೆ ಕೇಳಿ ತರುವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಕ್ಯಾಸೆಟ್ಟಿನ ಮೇಲೆ ಜಪಾನೀ ಅಕ್ಷರದಲ್ಲಿ ಪೆನ್ನಿನಿಂದ ಏನೋ ಬರೆದಿತ್ತು. ಚಿತ್ರದ ಹೆಸರಿರಬೇಕೆಂದು ಫೋಟೋ ತೆಗೆದು ಈಮೇಲಿನ ಗೆಳೆಯರಿಗೆ ಕಳಿಸಿದೆ. “ಇದರ ಮೇಲೆ ಬೇರೆ ಏನನ್ನೂ ತುಂಬಬೇಡಿ” ಎಂದು ಬರೆದಿದೆ ಅಂತ ಉತ್ತರ ಬಂತು. ಶುರುವಿನ ಹೆಸರುಗಳೂ ಅದರಲ್ಲಿ ಇರಲಿಲ್ಲ, ಟಿ.ವಿ.ಯಿಂದ ತುಂಬಿಕೊಳ್ಳುವಾಗ ತಪ್ಪಿಹೋಗಿದ್ದವು. ಕಥೆ ಬರೆದು ಕಳಿಸಿ ವಿಚಾರಿಸಿದೆ, ಯಾರಿಗೂ ಗೊತ್ತಿರಲಿಲ್ಲ. ಅದೊಂದೇ ಕ್ಯಾಸೆಟ್ಟು, ಅದೊಂದೇ ಪ್ರತಿ.

ಆ ಭಾನುವಾರ ಹುಳದ ಮನೆಯಲ್ಲಿ ಅತ್ತೆ, ನಾನು ಕೂತು ನೋಡಿದೆವು. ಕೆಳಗೆ ಇಂಗ್ಲಿಷ್ ಇಲ್ಲ, ಏನೂ ಇಲ್ಲ. ಹಿರಿಯರು ಹೇಳಿದ್ದ ಕಥೆಯೇ ಆಧಾರ. ಒಬ್ಬ ಸಣ್ಣ ದರ್ಜೆಯ ಸಮುರಾಯಿಗೆ ದೊರೆಯಿಂದ ಅಪ್ಪಣೆಯಾಗುತ್ತದೆ, ನಿನಗೆ ಕತ್ತಿ ಕಲಿಸಿದ ಗುರುವನ್ನು ಕೊಂದು ಬಾ ಎಂದು. ಗುರು ಎಲ್ಲ ಬಿಟ್ಟು ಬೆಟ್ಟದ ಊರೊಂದರಲ್ಲಿ ಹೆಂಡತಿಯ ಜೊತೆ ಇದ್ದಾನೆ. ಶಿಷ್ಯ ಹೋಗುವಷ್ಟರಲ್ಲಿ ಮಳೆ ಹಿಡಿದು, ಸೇತುವೆ ಕೊಚ್ಚಿಹೋಗಿ, ಅವನು ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಯಾಕೆ ಬಂದಿದ್ದಾನೆಂದು ಗುರುವಿಗೂ ಗೊತ್ತು, ಹೆಂಡತಿಗೂ ಗೊತ್ತು. ಯಾರೂ ಬಾಯಿಬಿಡುವುದಿಲ್ಲ. ಸೋರುವ ಸೂರನ್ನು ಗುರು ಶಿಷ್ಯರು ಕೂಡಿ ಸರಿಮಾಡುತ್ತಾರೆ, ಮೂವರೂ ಒಟ್ಟಿಗೆ ಗಂಜಿ ಕುಡಿಯುತ್ತಾರೆ. ಮಳೆ ನಿಂತ ಬೆಳಿಗ್ಗೆ ಗುರುವೇ ಮೊದಲು ಅಂಗಳಕ್ಕೆ ಇಳಿಯುತ್ತಾನೆ. ಪ್ರತಿ ಮಾಡುವುದಕ್ಕೆ ಬೇಕಾದ ವೈರು ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಮಾಡಿದರಾಯಿತೆಂದು ಕ್ಯಾಸೆಟ್ಟನ್ನು ಸ್ಟ್ಯಾಂಡಿನ ಮೇಲೆ ಇಟ್ಟೆ.

ಅದೇ ವಾರ ನನ್ನನ್ನು ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆ ಹಾಕಿದರು. ಇತ್ತ ಮೊಟ್ಟೆಯಿಂದ ಮರಿ ಮಾಡಿ ಕೊಡುವ ಚಾಕಿ ಕೇಂದ್ರದವರು ಮರಿಹುಳಗಳನ್ನು ಹೇಳಿದ್ದಕ್ಕಿಂತ ಮುಂಚೆಯೇ ಕೊಡುತ್ತೇವೆಂದು ಫೋನು ಮಾಡಿದರು. ಹುಳ ಬರುವ ಮುಂಚೆ ಹುಳದ ಮನೆಯನ್ನು ತೊಳೆದು, ತಟ್ಟೆ, ಬಲೆ, ಗೂಡು ಕಟ್ಟುವ ಚಂದ್ರಿಕೆಗಳನ್ನೆಲ್ಲ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಇದರಲ್ಲಿ ಅತ್ತೆಯ ಶಿಸ್ತು ಮಿಲಿಟರಿಯವರಿಗೂ ಇರಲಾರದು. ಹುಳ ಇರುವಾಗ ನನ್ನ ಗಂಡನೇ ಆದರೂ ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ.

ಅತ್ತೆ ನನ್ನ ಡಿಸ್ಕುಗಳನ್ನು ಎಂದಿನಂತೆ ವಾಸದ ಮನೆಗೆ ಸಾಗಿಸಿ ಜೋಪಾನವಾಗಿಟ್ಟರು. ಕ್ಯಾಸೆಟ್ಟಿನ ಹತ್ತಿರ ಬಂದಾಗ ಮಾತ್ರ ಅವರ ತಲೆ ಬೇರೆ ದಿಕ್ಕಿಗೆ ಓಡಿತು. ಅದು ಬಂದದ್ದು ರೇಷ್ಮೆ ಮಾಡುವ ಇನ್ನೊಬ್ಬರ ಮನೆಯಿಂದ. ಆ ಮನೆಯಲ್ಲಿ ಹೋದ ಬೆಳೆಗೆ ಸುಣ್ಣಕಟ್ಟು ರೋಗ ಬಿದ್ದು ಹುಳಗಳೆಲ್ಲ ಬೆಳ್ಳಗೆ ಬಿರುಸಾಗಿ ಸತ್ತಿದ್ದವು. ಇದನ್ನು ಬಂದು ಹೇಳಿದವಳು ನಾನೇ. ಸುಣ್ಣಕಟ್ಟಿನ ಮನೆಯಿಂದ ಬಂದ ವಸ್ತು ಇಷ್ಟು ದಿನ ನಮ್ಮ ಹುಳದ ಮನೆಯಲ್ಲಿ ಕೂತಿತ್ತಲ್ಲ ಎಂದು ಅವರ ಎದೆ ಧಸಕ್ಕೆಂದಿದೆ. ಪ್ಲಾಸ್ಟಿಕ್ಕಿನದು, ಸೊಸೆ ಸಿನಿಮಾಗಳನ್ನು ಸೋಪು ಹಾಕಿ ತೊಳೆಯುತ್ತಲೇ ಇರುತ್ತಾಳೆ. ತಟ್ಟೆಗಳ ಜೊತೆ ಅದನ್ನೂ ಬ್ಲೀಚಿಂಗ್ ತೊಟ್ಟಿಯಲ್ಲಿ ಮುಳುಗಿಸಿ, ಚೆನ್ನಾಗಿ ನೆನೆಯಲು ಬಿಟ್ಟು, ತೆಗೆದು, ಚಂದ್ರಿಕೆಗಳ ಪಕ್ಕ ಉರಿಬಿಸಿಲಿನಲ್ಲಿ ಒಣಗಿಸಿದರು. ಸಂಜೆ ನಾನು ಬಂದಾಗ ಒರೆಸಿ ಕೈಗೆ ಕೊಟ್ಟರು. “ತಗೋ, ಚೊಕ್ಕಟವಾಗಿದೆ,” ಎಂದರು.

ಪೆನ್ನಿನ ಅಕ್ಷರ ಪೂರ್ತಿ ಹೋಗಿತ್ತು. ಬಿಚ್ಚಿ ನೋಡಿದರೆ ಒಳಗಿನ ಟೇಪು ಒಂದಕ್ಕೊಂದು ಅಂಟಿ, ಮುಟ್ಟಿದರೆ ಕಂದು ಪುಡಿ ಉದುರುತ್ತಿತ್ತು. ಬೆಂಗಳೂರಿನಲ್ಲಿ ಇಂಥದನ್ನು ಸರಿಮಾಡುವವರೊಬ್ಬರಿಗೆ ತೋರಿಸಿದೆ. ಅವರು ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ಸಿನಿಮಾ ಇದ್ದಿದ್ದೇ ಈ ಪುಡೀಲಿ ಮೇಡಂ,” ಎಂದರು.

ನಾನು ಕೂಗಾಡಿದೆ. ಅಷ್ಟು ಕೂಗಾಡುವ ಹಕ್ಕು ನನಗೆ ಇತ್ತೆಂದು ಈಗಲೂ ಅಂದುಕೊಂಡಿದ್ದೇನೆ. ಅತ್ತೆಯೂ ಸುಮ್ಮನಿರಲಿಲ್ಲ. “ಬೆಳೆಗೆ ಸುಣ್ಣಕಟ್ಟು ಹತ್ತಿದ್ರೆ ನಿನ್ ಕತ್ತಿಯೋರು ಬಂದು ಗೂಡು ಕಟ್ತಿದ್ರಾ?” ಎಂದರು. ನನ್ನ ಗಂಡ ಇಬ್ಬರ ಮುಖವನ್ನೂ ನೋಡಿ ಸೊಪ್ಪು ಕೊಯ್ಯುವುದಕ್ಕೆ ಹೊರಟುಹೋದರು. ಆ ಬೆಳೆ ಮುಗಿಯುವವರೆಗೆ ಅತ್ತೆ ಸೊಸೆ ಮಾತಾಡಿದ್ದು ಹುಳದ ವಿಷಯ ಮಾತ್ರ. ಹಿರಿಯರು ಒಂದೆರಡು ಸಲ ಫೋನು ಮಾಡಿದರು. “ವೈರ್ ಬಂತೇನಮ್ಮಾ?” ಎಂದು ಕೇಳುತ್ತಿದ್ದರು. ಬಂದಿದೆ ಎಂದು ಹೇಳಲಾರದೆ, ಬಂದಿಲ್ಲ ಎಂದೂ ಹೇಳಲಾರದೆ, ಎದುರಿಗೇ ಬಂದು ಮಾತಾಡುತ್ತೇನೆ ಎನ್ನುತ್ತಿದ್ದೆ.

ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹತ್ತಿದ ಮೇಲೆ, ಭಾನುವಾರ ಬೆಳಿಗ್ಗೆ ನಾನು ಹೊರಟೆ. ಅತ್ತೆ ಮಡಿಸಿಟ್ಟ ಒಳ್ಳೆ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಎಲ್ಲಿಗೆ ಅತ್ತಮ್ಮ?”

“ನೀನ್ ಹೋಗೋ ಕಡೆಗೇ. ಅದ್ದಿದ್ದು ನಾನು, ಹೇಳೋದು ನೀನಾ?”

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಗೌರಿಬಿದನೂರು ದಾರಿ ಹಿಡಿದೆವು. ಅವರು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಇತರರ ಹಿಪ್ಪುನೇರಳೆ ತೋಟಗಳಲ್ಲಿ ಹುಳುಕು ಹುಡುಕುತ್ತಾ ಬಂದರು. ನಾನು ಹೂಂ ಎನ್ನುತ್ತಿದ್ದೆ. ಹಿರಿಯರು ಏನನ್ನಬಹುದೆಂದು ಯೋಚಿಸಿ ಯೋಚಿಸಿ ನನಗೆ ತಲೆನೋವು ಬಂದಿತ್ತು.

ಹಿರಿಯರು ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು ಅಂಗಳದ ಕಡೆ ಮುಖ ಮಾಡಿ ಕೂತಿದ್ದರು. ನಾನು ಬಂದದ್ದನ್ನು ಕಂಡಲ್ಲ, ದನಿಯಿಂದ ಗುರುತು ಹಿಡಿದರು. ಹೋದ ಸಲ ನನ್ನ ಮುಖ ನೋಡಿ ಮಾತಾಡಿದ್ದವರು, ಈ ಸಲ ನನ್ನ ಭುಜದ ಆಚೆ ಎಲ್ಲೋ ನೋಡುತ್ತಾ ನಕ್ಕರು.

“ಪ್ರೊಜೆಕ್ಟ್ರು ತಂದ್ರಾ ತಾಯಿ?”

ಅತ್ತೆಯೇ ಮುಂದೆ ಹೋಗಿ ಅವರ ಎದುರು ನೆಲದ ಮೇಲೆ ಕೂತರು. “ಅಣ್ಣಾ, ನಾನು ಇವಳ ಅತ್ತೆ. ನಿಮ್ ಸಿನಿಮಾನ ನಾನ್ ಹಾಳ್ ಮಾಡ್ಬಿಟ್ಟೆ,” ಎಂದು ಶುರುಮಾಡಿ, ಸುಣ್ಣಕಟ್ಟು, ಬ್ಲೀಚಿಂಗ್ ತೊಟ್ಟಿ, ಬಿಸಿಲು, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಅರ್ಧಕ್ಕೆ ಬರುವಷ್ಟರಲ್ಲಿ ಮಾತು ಪೂರ್ತಿ ತೆಲುಗಿಗೆ ತಿರುಗಿತ್ತು.

ಹಿರಿಯರು ಕುರ್ಚಿಯ ಕೈ ಸವರುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ನಂದೇ ತಪ್ಪಮ್ಮ. ಕೈಬಿಟ್ಟು ಕೊಡ್ಬಾರ್ದಾಗಿತ್ತು,” ಎಂದರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು.

ಅತ್ತೆ ಅಲ್ಲಿಗೇ ಬಿಡಲಿಲ್ಲ. “ಅಣ್ಣಾ, ನಾನ್ ನೋಡಿದೀನಲ್ಲ, ಹೇಳ್ತೀನಿ ಕೇಳಿ,” ಎಂದರು. ಅವರು ಒಪ್ಪಿದರೋ ಇಲ್ಲವೋ, ಹೇಳಲು ತೊಡಗಿಯೇಬಿಟ್ಟರು. ಗುರುವಿನ ಹೆಂಡತಿ ಬಟ್ಟಲು ಇಡುವಾಗ ಮೊದಲ ದಿನ ಶಿಷ್ಯನ ಬಟ್ಟಲನ್ನು ದೂರಕ್ಕೆ ಇಟ್ಟದ್ದು, ಸೂರು ಸರಿಮಾಡಿದ ದಿನ ಹತ್ತಿರಕ್ಕೆ ಸರಿಸಿದ್ದು. ಅವನ ಒದ್ದೆ ಬಟ್ಟೆಯನ್ನು ಅವಳು ಒಲೆಯ ಹತ್ತಿರ ಒಣಹಾಕಿದ್ದು. ಇವೆಲ್ಲ ನನ್ನ ಕಣ್ಣಿಗೂ ಬಿದ್ದಿರಬೇಕು, ಆದರೆ ನಾನು ಬೆಳಕು ನೆರಳು ನೋಡುವುದರಲ್ಲಿ ಮುಳುಗಿದ್ದೆ. ಹಿರಿಯರು ಮೊದಲು ತಲೆ ಬಗ್ಗಿಸಿಕೊಂಡು ಕೇಳಿದರು. ಆಮೇಲೆ ಮಧ್ಯೆ ಬಾಯಿ ಹಾಕಿ, “ಅಲ್ಲಲ್ಲ, ಅವತ್ತು ಗಂಜಿ ಅಲ್ಲ, ಗೆಣಸು,” ಎಂದರು. “ಗೆಣಸಾ? ಹೂಂ, ಗೆಣಸೇ,” ಎಂದು ಅತ್ತೆ ಒಪ್ಪಿಕೊಂಡರು.

ಮಳೆ ನಿಂತಿತು. ಗುರು ಅಂಗಳಕ್ಕಿಳಿದ. ಶಿಷ್ಯ ಇಳಿದ. ಅಲ್ಲಿಗೆ ಅತ್ತೆ ನಿಲ್ಲಿಸಿಬಿಟ್ಟರು.

“ಆಮೇಲೆ?” ಎಂದರು ಹಿರಿಯರು.

“ಆಮೇಲೆ ನಂಗೊತ್ತಿಲ್ಲಣ್ಣಾ. ಕತ್ತಿ ಎಳೆದ್ರೆ ಸಾಕು, ನಾನ್ ಕಣ್ ಮುಚ್ಕೊಂಡ್ಬಿಡ್ತೀನಿ.”

ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ನನಗಿದು ತಿಳಿದಿರಲಿಲ್ಲ. ಹಿರಿಯರ ಮುಖ ಬಾಡಿಹೋಯಿತು. ಅವರಿಗೆ ಬೇಕಾಗಿದ್ದದ್ದು ಅದೊಂದೇ. ಹೇಳುವ ಸರದಿ ನನ್ನದಾಯಿತು. ಎದುರುಬದುರು ನಿಲ್ಲುತ್ತಾರೆ, ಹೀಗೆ ಬಾಗುತ್ತಾನೆ, ಬಲಗಾಲು ಹೀಗೆ ಎಂದು ತೊದಲಿದೆ. ನಾನು ಹೇಳುತ್ತಿದ್ದದ್ದು ರೇಖಾಗಣಿತದ ಪಾಠವಾಯಿತೇ ಹೊರತು ಸಿನಿಮಾ ಆಗಲಿಲ್ಲ.

“ತಾತ, ಈಗ ನಿಮಗೆ ಎಷ್ಟು ಕಾಣುತ್ತೆ?” ಎಂದು ಕೇಳಿದೆ.

“ಬಿಸಿಲಲ್ಲಿ ಏನಾರ ಅಲ್ಲಾಡಿದ್ರೆ ಕಪ್ಪಗೆ ಕಾಣ್ತದೆ. ಮುಖ ಮೂಗು ಏನೂ ಇಲ್ಲ.”

ಅಂಗಳದಲ್ಲಿ ಮಟಮಟ ಮಧ್ಯಾಹ್ನದ ಬಿಸಿಲು. ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳ ರಾಶಿ ಗೋಡೆಯ ಪಕ್ಕ ಬಿದ್ದಿತ್ತು. ನಾನು ಎದ್ದು ಹೋಗಿ ಎರಡು ಕಡ್ಡಿ ಆರಿಸಿದೆ. ಒಂದನ್ನು ಅತ್ತೆಯ ಕೈಗೆ ಕೊಟ್ಟೆ.

“ಏನಿದು?”

“ನೀವು ಗುರು.”

“ಥೂ, ನಿಂಗೇನ್ ಬಂತೇ!” ಎಂದರು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದರು. ಮನೆಯ ಸೊಸೆ ಒಳಗಿನಿಂದ ಬಂದವಳು ಬಾಯಿಗೆ ಸೆರಗು ಒತ್ತಿ ನಕ್ಕಳು, ಮಾವನ ಮುಖ ನೋಡಿ ನಗು ನಿಲ್ಲಿಸಿದಳು. ಹಿರಿಯರು ಕುರ್ಚಿಯ ತುದಿಗೆ ಸರಿದು ಮುಂದಕ್ಕೆ ಬಗ್ಗಿದ್ದರು.

“ಇನ್ನೊಂಚೂರು ಎಡಕ್ಕೆ ಬರಮ್ಮ. ಬೆಳಕಿಗೆ. ಹಾಂ, ಕಂಡ್ರಿ. ಇಬ್ರೂ ಕಂಡ್ರಿ.”

ಕಡ್ಡಿ ಎತ್ತಿ ನಿಂತೆ. ಅತ್ತೆಗೆ ಹೇಗೆ ನಿಲ್ಲಬೇಕೆಂದು ನಾನು ಹೇಳಿಕೊಡಲಿಲ್ಲ. ಕೊನೆಗೆ ಗುರು ಕತ್ತಿ ಇಳಿಸಿಬಿಡುತ್ತಾನೆ, ಮೊದಲು ಹೊಡೆಯುವ ಅವಕಾಶವಿದ್ದರೂ ಹೊಡೆಯುವುದಿಲ್ಲ, ಅಷ್ಟನ್ನು ಮಾತ್ರ ಹೇಳಿದ್ದೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವರು ನನ್ನನ್ನೇ ನೋಡುತ್ತಿದ್ದರು. ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಬೆವರು ಹಣೆಯಿಂದ ಇಳಿಯುತ್ತಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವರಿಗೆ ಎಷ್ಟು ವಯಸ್ಸಾಗಿದೆಯಲ್ಲ ಎಂದು ಅವತ್ತು ಮೊದಲ ಸಲ ಕಂಡಿತು. ಅವರು ಮೆಲ್ಲಗೆ ಕಡ್ಡಿ ಇಳಿಸಿದರು. ಹೊಡೆಯುವುದಕ್ಕೆ ನನಗೆ ಕೈ ಬರಲಿಲ್ಲ.

“ಹೊಡಿಯಮ್ಮಾ,” ಎಂದರು ಹಿರಿಯರು ಬಾಗಿಲಿನಿಂದ. “ನೀನ್ ಹೊಡೀದಿದ್ರೆ ಅವ್ರು ಹೆಂಗ್ ಬೀಳ್ತಾರೆ?”

ಒಂದು ಹೆಜ್ಜೆ ಮುಂದಿಟ್ಟು ಅವರ ಭುಜಕ್ಕೆ ಕಡ್ಡಿ ಮುಟ್ಟಿಸಿದೆ. ಅತ್ತೆ ಮಂಡಿ ನೋವಿಗೆ ಒಂದು ಕೈ ನೆಲಕ್ಕೆ ಕೊಟ್ಟು, ನಿಧಾನವಾಗಿ, ದಿನವೆಲ್ಲ ದುಡಿದು ಸುಸ್ತಾದವರು ಕೂತುಕೊಳ್ಳುವಂತೆ ಮಣ್ಣಿನ ಮೇಲೆ ಕೂತರು.

“ಹಂಗೇ!” ಎಂದು ಹಿರಿಯರು ಕೂಗಿಬಿಟ್ಟರು. “ಹಂಗೇ ಬಿದ್ದ ಅವನು. ಕಾಣ್ತು ಕಣಮ್ಮಾ, ಕಾಣ್ತು.” ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಶಿಷ್ಯ ಆಮೇಲೆ ಹಿಂತಿರುಗಿ ನೋಡದೆ ಸೇತುವೆಯ ಕಡೆ ನಡೆದುಹೋಗುತ್ತಾನೆ. ನಾನೂ ನಾಲ್ಕು ಹೆಜ್ಜೆ ನಡೆಯಬೇಕೆಂದು ತಿರುಗಿದೆ.

ಹಿಂದಿನಿಂದ ಅತ್ತೆ, “ಏಳಕ್ಕಾಗ್ತಿಲ್ಲ ಕಣೇ,” ಎಂದರು.

ಕಡ್ಡಿ ಬಿಸಾಡಿ ಓಡಿಬಂದು ಎರಡೂ ಕೈ ಹಿಡಿದು ಎತ್ತಿದೆ. ಬಿಸಿಲಿನಲ್ಲಿ ಎರಡು ಕಪ್ಪು ಆಕಾರಗಳು ಒಂದಾದದ್ದು ಬಾಗಿಲಲ್ಲಿದ್ದವರಿಗೆ ಕಂಡಿರಬೇಕು.

“ಸಿನಿಮಾದಲ್ಲಿ ಅವನು ವಾಪಸ್ ಬಂದು ಎಬ್ಬಿಸಲ್ಲವಲ್ಲ ತಾಯಿ,” ಎಂದರು ಹಿರಿಯರು.

ಅತ್ತೆ ನನ್ನ ಭುಜ ಹಿಡಿದು ನಿಂತು, ಸೀರೆಯ ಮಣ್ಣು ಕೊಡವಿಕೊಳ್ಳುತ್ತಾ ಹೇಳಿದರು: “ಇದ್ರಲ್ಲಿ ಎಬ್ಬಿಸ್ತಾಳಣ್ಣಾ.”